ಔಷಧ ಕಾರ್ಖಾನೆಯ ಯಂತ್ರಪಾಲಕ

ಕಳೆದ ರಾಮನವಮಿಯ ಸಂಜೆ ನಮ್ಮ ಸಂಘದಲ್ಲಿ ಪಾನಕ, ಕೋಸಂಬರಿ ಹಂಚುತ್ತಿದ್ದ ಹೊತ್ತಿಗೆ ಇಬ್ಬರು ಹಿರಿಯರ ಮಾತು ನಮ್ಮ ಕಿವಿಗೆ ಬಿತ್ತು. ಒಬ್ಬರು ತಮ್ಮ ಅಣ್ಣನ ಮಗನಿಗೆ ಹೆಣ್ಣು ನೋಡುತ್ತಿದ್ದರು. ಹುಡುಗನ ಕೆಲಸವೇನೆಂದು ಇನ್ನೊಬ್ಬರು ವಿಚಾರಿಸಿದರು. ‘ಔಷಧ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಮೇಂಟೆನೆನ್ಸ್ ಇಂಜಿನಿಯರ್’ ಎಂದು ಉತ್ತರ ಬಂತು. ‘ಓ, ರಿಪೇರಿ ಕೆಲಸ ಅನ್ನಿ!’ ಎಂದರು ಕೇಳಿದವರು. ಮಾತು ಅಲ್ಲಿಗೇ ನಿಂತಿತು.

ನಾವು ಆಗ ಬಾಯಿ ತೆರೆಯಲಿಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿ ಕಳೆದ ನಮಗೆ ನಾಲ್ವರ ನಡುವೆ ಮಾತೆತ್ತುವ ಅಭ್ಯಾಸ ಕಡಿಮೆ. ಆದರೆ ಎಂದೋ ಓದಿದ ಬಿ.ಎಸ್‌ಸಿ. ಒಳಗೆ ಸುಮ್ಮನಿರಲಿಲ್ಲ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಔಷಧ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇದೇ ‘ರಿಪೇರಿ ಕೆಲಸ’ ಮಾಡಿ ನಿವೃತ್ತರಾದವರು. ಸಂಜೆಯ ವಾಯುವಿಹಾರದಲ್ಲಿ ಅವರಿಂದ ಕೇಳಿದ್ದನ್ನೂ, ಅದರ ಬೆನ್ನು ಹತ್ತಿ ನಾವು ಓದಿ ತಿಳಿದದ್ದನ್ನೂ ವಾಚಕರ ಮುಂದಿಡಬೇಕೆನಿಸಿತು. ಔಷಧವನ್ನು ಕಂಡುಹಿಡಿದವರ ಹೆಸರು ಮಕ್ಕಳ ಪಠ್ಯಪುಸ್ತಕದಲ್ಲಿದೆ. ಆ ಔಷಧ ಅಪಾಯವಿಲ್ಲದೆ ನಮ್ಮ ಮೈಯನ್ನು ಸೇರುವಂತೆ ನಡುವೆ ನಿಂತು ಕಾಯುವವನ ಚರಿತ್ರೆಯನ್ನು ಬರೆದವರು ಕಡಿಮೆ.

ಕುಕ್ಕರಿನ ವಂಶಾವಳಿ

ಈ ಚರಿತ್ರೆ ನಮ್ಮ ಅಡುಗೆಮನೆಯ ಹತ್ತಿರದಿಂದಲೇ ಆರಂಭವಾಗುತ್ತದೆಂದರೆ ಗೃಹಿಣಿಯರಿಗೆ ಆಶ್ಚರ್ಯವಾಗಬಹುದು. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ್ದ ಡೆನಿಸ್ ಪಾಪಿನ್ ಎಂಬ ವಿಜ್ಞಾನಿ 1679ರಲ್ಲಿ ಬಿಗಿಮುಚ್ಚಳದ ಪಾತ್ರೆಯೊಂದನ್ನು ಮಾಡಿದ. ಒಳಗಿನ ಆವಿ ಹೊರಹೋಗಲಾರದೆ ಒತ್ತಡ ಏರಿ, ನೀರು ನೂರು ಡಿಗ್ರಿಗಿಂತ ಹೆಚ್ಚು ಕಾಯುತ್ತಿತ್ತು. ಗಟ್ಟಿ ಎಲುಬೂ ಅದರಲ್ಲಿ ಮೆತ್ತಗಾಗುತ್ತಿತ್ತು. ಪಾತ್ರೆ ಸಿಡಿಯದಿರಲೆಂದು ಅವನೇ ಅದಕ್ಕೊಂದು ಸೇಫ್ಟಿ ವಾಲ್ವನ್ನೂ ಅಳವಡಿಸಿದ. ನಮ್ಮ ಪ್ರೆಶರ್ ಕುಕ್ಕರಿಗೆ ಇದೇ ಮೂಲಪುರುಷ.

ಇದಾಗಿ ಸರಿಯಾಗಿ ಇನ್ನೂರು ವರ್ಷಕ್ಕೆ, 1879ರಲ್ಲಿ, ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರ ಸಹಾಯಕ ಚಾರ್ಲ್ಸ್ ಚೇಂಬರ್ಲೆಂಡ್ ಇದೇ ತತ್ತ್ವದ ಮೇಲೆ ಆಟೋಕ್ಲೇವ್ ಎಂಬ ಯಂತ್ರವನ್ನು ನಿರ್ಮಿಸಿದ. ಕೆಲವು ಸೂಕ್ಷ್ಮಜೀವಿಗಳು ಕಷ್ಟಕಾಲದಲ್ಲಿ ಬೀಜದಂಥ ಗಟ್ಟಿ ಕವಚ ತೊಟ್ಟು ಕುಳಿತುಬಿಡುತ್ತವೆ. ಅವನ್ನು ಗಂಟೆಗಟ್ಟಲೆ ಕುದಿಸಿದರೂ ಸಾಯವು. ಆದರೆ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಆವಿಯಲ್ಲಿ ಸುಮಾರು ಹದಿನೈದು ನಿಮಿಷ ಇಟ್ಟರೆ ಉಳಿಯುವುದಿಲ್ಲ. ಚದರಂಗುಲಕ್ಕೆ 15 ಪೌಂಡ್ ಒತ್ತಡದ ಶುದ್ಧ ಆವಿಗೆ ಈ ಉಷ್ಣತೆಯಿರುತ್ತದೆ. ಇಂದಿಗೂ ಸಲೈನ್, ಗ್ಲೂಕೋಸ್ ಮುಂತಾದ ದ್ರವಗಳ ಶುದ್ಧೀಕರಣ ಬಹುಮಟ್ಟಿಗೆ ಈ ಲೆಕ್ಕದ ಮೇಲೆಯೇ ನಿಂತಿದೆ.

ಇಲ್ಲಿ ‘ಶುದ್ಧ ಆವಿ’ ಎಂಬ ಮಾತು ಮುಖ್ಯ. ನಮ್ಮ ತಾಯಿಯವರು ಕುಕ್ಕರಿಟ್ಟಾಗ, ಆವಿ ಜೋರಾಗಿ ನುಗ್ಗಿ ಬರುವವರೆಗೆ ವೇಯ್ಟ್ ಹಾಕಬಾರದೆಂದು ಗದರುತ್ತಿದ್ದರು. ಕಾರಣ ಕೇಳಿದರೆ ‘ಹಾಗೇ ಮಾಡಬೇಕು’ ಎನ್ನುತ್ತಿದ್ದರು. ಕಾರಣ ಭೌತಶಾಸ್ತ್ರದಲ್ಲಿದೆ. ಪಾತ್ರೆಯೊಳಗಿನ ಗಾಳಿ ಮೊದಲು ಹೊರಟುಹೋಗಬೇಕು. ಗಾಳಿ ಉಳಿದರೆ ಒತ್ತಡದಲ್ಲಿ ಅದಕ್ಕೂ ಒಂದು ಪಾಲು ಸಲ್ಲುತ್ತದೆ. ಆವಿಯ ಪಾಲು ಅಷ್ಟಕ್ಕೆ ಕಡಿಮೆಯಾಗುತ್ತದೆ. ಆಗ ಒತ್ತಡದ ಮಾಪಕ ಅದೇ 15 ಪೌಂಡು ತೋರಿಸುತ್ತಿದ್ದರೂ ಒಳಗಿನ ಬಿಸಿ ಬೇರೆಯೇ ಆಗಿರುತ್ತದೆ. ಅರ್ಧ ಗಾಳಿ ಉಳಿದರೆ ಸುಮಾರು 112 ಡಿಗ್ರಿ; ಗಾಳಿ ಹೊರಹೋಗದೇ ಇದ್ದರೆ ಬರೀ 100 ಡಿಗ್ರಿ. ಅಷ್ಟೇ ಅಲ್ಲ, ಗಾಳಿ ಆವಿಗಿಂತ ಭಾರವಾದುದರಿಂದ ತಳದಲ್ಲಿ ಕೂರುತ್ತದೆ. ಮೇಲಿನ ಬಾಟಲಿಗಳು ಬೇಯುತ್ತವೆ, ಕೆಳಗಿನವು ಬೇಯುವುದಿಲ್ಲ. ಬೇಳೆ ಬೇಯದಿದ್ದರೆ ಊಟದ ಹೊತ್ತಿಗೆ ಗೊತ್ತಾಗುತ್ತದೆ. ಬಾಟಲಿ ಬೇಯದಿದ್ದರೆ ಗೊತ್ತಾಗುವುದು ರೋಗಿಯ ಮಂಚದ ಬಳಿ. ಈ ಸಂಗತಿಗೆ ಮುಂದೆ ಮರಳುತ್ತೇವೆ.

ಬೂಷ್ಟಿನಿಂದ ಕಾರ್ಖಾನೆಗೆ

ಪೆನಿಸಿಲಿನ್ನಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಬೂಷ್ಟಿನ ಸುತ್ತ ಸೂಕ್ಷ್ಮಜೀವಿಗಳು ಸತ್ತಿದ್ದುದನ್ನು ಕಂಡರು ಎಂಬಲ್ಲಿಗೆ ಪಠ್ಯಪುಸ್ತಕ ಮುಗಿಯುತ್ತದೆ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. 1940ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ, ಅರ್ನ್‌ಸ್ಟ್ ಚೇಯ್ನ್ ಇವರ ತಂಡ ಅದನ್ನು ಔಷಧವಾಗಿಸಲು ಹೊರಟಾಗ ಯುದ್ಧದ ದಿನಗಳು, ಸಾಮಗ್ರಿಗೆಲ್ಲ ಬರ. ತಂಡದ ನಾರ್ಮನ್ ಹೀಟ್ಲಿ ಎಂಬ ಕೈಚಳಕದ ವಿಜ್ಞಾನಿ ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲಿ ಬೂಷ್ಟು ಬೆಳೆಸಿದರು. ಆಮೇಲೆ ಅದೇ ಮಾದರಿಯ ಪಿಂಗಾಣಿ ಪಾತ್ರೆಗಳನ್ನು ಮಾಡಿಸಿದರು. ಔಷಧವನ್ನು ಬೇರ್ಪಡಿಸುವ ಯಂತ್ರದ ಚೌಕಟ್ಟಿಗೆ ಹಳೆಯ ಪುಸ್ತಕದ ಕಪಾಟು. ಬಾಟಲಿ ಬದಲಿಸುವ ಹೊತ್ತಾಯಿತೆಂದು ಎಚ್ಚರಿಸಲು ಮನೆಬಾಗಿಲಿನ ಗಂಟೆ!

ಇಷ್ಟೆಲ್ಲ ಹೆಣಗಿದರೂ 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಔಷಧ ಕೊಟ್ಟು, ಅವನು ಚೇತರಿಸಿಕೊಳ್ಳುತ್ತಿದ್ದಾಗಲೇ ದಾಸ್ತಾನು ಮುಗಿದುಹೋಯಿತು. ಅವನ ಮೂತ್ರದಿಂದ ಔಷಧವನ್ನು ಮರಳಿ ತೆಗೆದು ಕೊಟ್ಟರೂ ಸಾಲಲಿಲ್ಲ. ಮಾರ್ಚಿಯಲ್ಲಿ ಆತ ತೀರಿಕೊಂಡ. ಔಷಧ ಗೊತ್ತಿತ್ತು, ವೈದ್ಯರಿದ್ದರು, ಇಲ್ಲದಿದ್ದದ್ದು ಕಾರ್ಖಾನೆ.

ಕಾರ್ಖಾನೆಯನ್ನು ಕೊಟ್ಟವರು ಯಂತ್ರಶಾಸ್ತ್ರದವರು. ಬೂಷ್ಟನ್ನು ತಟ್ಟೆಯ ಮೇಲೆ ಬೆಳೆಸುವ ಬದಲು ದೊಡ್ಡ ತೊಟ್ಟಿಯ ಆಳದಲ್ಲಿ ಬೆಳೆಸಬೇಕೆಂಬ ಉಪಾಯ ಅಮೆರಿಕದಲ್ಲಿ ಫಲಿಸಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫೈಜರ್ ಕಂಪನಿಯವರು ಹಳೆಯ ಮಂಜುಗಡ್ಡೆ ಕಾರ್ಖಾನೆಯೊಂದನ್ನು ಕೊಂಡು, ತಲಾ 7500 ಗ್ಯಾಲನ್ನಿನ ಹದಿನಾಲ್ಕು ತೊಟ್ಟಿಗಳನ್ನು ನಿಲ್ಲಿಸಿ, 1944ರ ಮಾರ್ಚ್ 1ರಂದು ಕೆಲಸ ಪ್ರಾರಂಭಿಸಿದರು. ಈ ಸ್ಥಾವರದ ವಿನ್ಯಾಸದಲ್ಲಿ ಮಾರ್ಗರೆಟ್ ಹಚಿನ್‌ಸನ್ ರೂಸೋ ಎಂಬ ಮಹಿಳಾ ಇಂಜಿನಿಯರರ ಪಾತ್ರ ದೊಡ್ಡದು. ಅದೇ ಜೂನ್ ತಿಂಗಳಲ್ಲಿ ಮಿತ್ರಪಡೆಗಳು ಫ್ರಾನ್ಸಿನ ದಂಡೆಯಲ್ಲಿ ಇಳಿದಾಗ ಗಾಯಾಳುಗಳಿಗೆ ಪೆನಿಸಿಲಿನ್ ಸಿದ್ಧವಾಗಿತ್ತು.

ಆ ತೊಟ್ಟಿಯ ಸ್ವಭಾವವನ್ನು ಸ್ವಲ್ಪ ನೋಡಬೇಕು. ಬೂಷ್ಟಿಗೆ ಉಸಿರಾಡಲು ಹಗಲಿರುಳೂ ಗಾಳಿ ಬೇಕು. ಆ ಗಾಳಿಯಲ್ಲಿ ಒಂದು ಪರಕೀಯ ಸೂಕ್ಷ್ಮಜೀವಿಯೂ ಇರಕೂಡದು. ಒಳಗೆ ಕಡೆಗೋಲು ತಿರುಗುತ್ತಲೇ ಇರಬೇಕು. ಅದರ ದಂಡ ಮಾತ್ರ ಹೊರಗಿನ ಮೋಟಾರಿನಿಂದ ಒಳಗೆ ಹೋಗಬೇಕು. ತಿರುಗುವ ದಂಡ ಗೋಡೆಯನ್ನು ದಾಟುವ ಆ ಸಂದಿಯೇ ಶತ್ರುವಿನ ಹೆಬ್ಬಾಗಿಲು. ಅಲ್ಲಿನ ಸೀಲು ಕೂದಲೆಳೆಯಷ್ಟು ಸವೆದರೂ ಸೂಕ್ಷ್ಮಜೀವಿ ನುಸುಳುತ್ತದೆ. ಕೆಲವು ಸೂಕ್ಷ್ಮಜೀವಿಗಳಿಗೆ ಪೆನಿಸಿಲಿನ್ನನ್ನೇ ಒಡೆದುಹಾಕುವ ಶಕ್ತಿಯಿದೆ. ಅಂಥದೊಂದು ಹೊಕ್ಕು ಬೆಳೆಯಿತೆಂದರೆ ತೊಟ್ಟಿಯಷ್ಟೂ ಔಷಧ ಚರಂಡಿಗೆ. ಆದುದರಿಂದ ಪೆನಿಸಿಲಿನ್ ಕಾರ್ಖಾನೆಯ ಭವಿಷ್ಯ ಜೀವಶಾಸ್ತ್ರಜ್ಞನ ಕೈಯಲ್ಲಿರುವಷ್ಟೇ ಸೀಲು, ವಾಲ್ವು, ಗ್ಯಾಸ್ಕೆಟ್ಟುಗಳನ್ನು ನೋಡಿಕೊಳ್ಳುವವನ ಕೈಯಲ್ಲೂ ಇರುತ್ತದೆ.

ನಮ್ಮ ಪಿಂಪ್ರಿ

ನಮ್ಮ ಪುಣೆಯವರಿಗೆ ಇದು ದೂರದ ಮಾತಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪೆನಿಸಿಲಿನ್ನಿಗೆ ನಾವು ಹೊರದೇಶಗಳ ಕಡೆ ನೋಡಬೇಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಭಾರತ ಸರ್ಕಾರ ಮುಂಬಯಿ ರಸ್ತೆಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಂಪನಿಯನ್ನು ಸ್ಥಾಪಿಸಿತು. ಮಾರನೆಯ ವರ್ಷವೇ ಪೆನಿಸಿಲಿನ್ ಹೊರಬಂತು. ಇಂದಿಗೂ ಪುಣೆಯ ಹಳಬರಿಗೆ ಅದು ಬರೀ ‘ಎಚ್.ಎ.’.

ಇಲ್ಲಿ ಕನ್ನಡಿಗರು ಹೆಮ್ಮೆಪಡುವ ಹೆಸರೊಂದಿದೆ. ಈ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಎಂ. ಜೆ. ತಿರುಮಲಾಚಾರ್ ಮೈಸೂರು ಸೀಮೆಯವರು. ಶಿಲೀಂಧ್ರ ರೋಗಗಳಿಗೆ ಮದ್ದಾದ ‘ಹ್ಯಾಮೈಸಿನ್’ ಅವರ ಕಾಲದಲ್ಲಿ ಇಲ್ಲಿಯೇ ಸಿದ್ಧವಾಯಿತು. ಮುಂದೆ 1981ರಲ್ಲಿ ಇದೇ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಮತ್ತು ಕರ್ನಾಟಕ ಸರ್ಕಾರದ ಬಂಡವಾಳ ನಿಗಮ ಸೇರಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಕಂಪನಿಯನ್ನು ಹುಟ್ಟುಹಾಕಿದವು. ಹೀಗೆ ಪಿಂಪ್ರಿಯ ಕೊಂಬೆಯೊಂದು ನಮ್ಮ ನಾಡಿನಲ್ಲೂ ಬೇರೂರಿತು. ತಾಯಿ ಕಂಪನಿ 1990ರ ದಶಕದಿಂದ ನಷ್ಟದಲ್ಲಿ ಸಿಲುಕಿದ್ದು ಬೇರೆಯೇ ಕಥೆ.

ತಿರುಮಲಾಚಾರ್ಯರ ಹೆಸರು ದಾಖಲೆಯಲ್ಲಿ ಉಳಿಯಿತು, ಉಳಿಯತಕ್ಕದ್ದೇ. ಆದರೆ ಮೂರನೆಯ ಪಾಳಿಯಲ್ಲಿ ಕಂಪ್ರೆಸರಿನ ಸದ್ದು ಬದಲಾದದ್ದನ್ನು ಕಿವಿಯಿಂದಲೇ ಹಿಡಿದು ಓಡಿಹೋದವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಔಷಧ ಕಾರ್ಖಾನೆಗಳೆಲ್ಲ ಹೀಗೆಯೇ. ಏನೂ ಆಗದೆ ಇರುವುದೇ ಅವನ ಕೆಲಸದ ಫಲ. ಆಗದೇ ಇದ್ದದ್ದನ್ನು ಯಾರು ಬರೆದಿಡುತ್ತಾರೆ?

ಯಾರೂ ನಂಬದ ಮುಳ್ಳು

ಆದರೆ ಆದದ್ದು ದಾಖಲೆಯಾಗಿದೆ. 1972ರ ಮಾರ್ಚ್ ತಿಂಗಳ ಆರಂಭದಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ರೋಗಿಗಳು ಒಬ್ಬರ ಹಿಂದೊಬ್ಬರು ಹಠಾತ್ತನೆ ಕುಸಿಯತೊಡಗಿದರು. ಅವರಿಗೆಲ್ಲ ರಕ್ತನಾಳದ ಮೂಲಕ ಕೊಟ್ಟಿದ್ದು ಡೆಕ್ಸ್‌ಟ್ರೋಸ್, ಎಂದರೆ ನಾವು ಆಡುಮಾತಿನಲ್ಲಿ ಗ್ಲೂಕೋಸ್ ಎನ್ನುವ ದ್ರವ. ಬಾಟಲಿಗಳಲ್ಲಿ ಸೂಕ್ಷ್ಮಜೀವಿಗಳು ತುಂಬಿದ್ದವು. ಐವರು ರೋಗಿಗಳ ಸಾವಿಗೆ ಈ ದ್ರವವೇ ಕಾರಣವೆಂಬ ಗುಮಾನಿ ಹುಟ್ಟಿತು. ಸಿಸಿಲ್ ಕ್ಲೋದಿಯರ್ ಎಂಬ ನ್ಯಾಯವಾದಿಯ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿ ಅದೇ ಜುಲೈನಲ್ಲಿ ವರದಿ ಒಪ್ಪಿಸಿತು.

ಆ ಬಾಟಲಿಗಳು ಲಿವರ್‌ಪೂಲ್ ಬಳಿಯ ಸ್ಪೀಕ್ ಎಂಬಲ್ಲಿನ ಕಾರ್ಖಾನೆಯಲ್ಲಿ ಹಿಂದಿನ ವರ್ಷದ, 1971ರ, ಏಪ್ರಿಲ್‌ನಲ್ಲಿ ತಯಾರಾದವು. ಆಟೋಕ್ಲೇವಿನಲ್ಲಿಟ್ಟು ಆವಿ ಹಾಯಿಸಿದಾಗ ಒಳಗಿನ ಗಾಳಿ ಪೂರ್ತಿ ಹೊರಹೋಗಲಿಲ್ಲ. ನಮ್ಮ ತಾಯಿಯವರು ಕುಕ್ಕರಿನ ಮುಂದೆ ನಿಂತು ಎಚ್ಚರಿಸುತ್ತಿದ್ದುದೇ ಅಲ್ಲಿ ನಡೆದುಹೋಯಿತು. ಕೆಳಗಿನ ಬಾಟಲಿಗಳಿಗೆ ತಕ್ಕ ಬಿಸಿ ತಾಗಲೇ ಇಲ್ಲ.

ಇಷ್ಟಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಆದರೆ ಯಂತ್ರ ಸುಮ್ಮನಿರಲಿಲ್ಲ, ಅದು ಹೇಳಿತ್ತು! ಉಷ್ಣತೆಯನ್ನು ಕಾಗದದ ಮೇಲೆ ಗೀಚುವ ಮಾಪಕದ ಮುಳ್ಳು ಏರಬೇಕಾದಷ್ಟು ಏರಿರಲಿಲ್ಲ. ಅದನ್ನು ಕಂಡವರು, ಮಾಪಕವೇ ಕೆಟ್ಟಿರಬೇಕೆಂದು ಭಾವಿಸಿ ಬೇರೆ ಮಾಪಕಗಳನ್ನು ನೆಚ್ಚಿ ಕೆಲಸ ಮುಂದುವರಿಸಿದರು. ಪರೀಕ್ಷೆಗೆಂದು ತೆಗೆದ ಮಾದರಿ ಬಾಟಲಿಗಳಲ್ಲಿ ದೋಷ ಕಾಣಲಿಲ್ಲ. ಸರಕು ಪಾಸಾಯಿತು. ಸುಮಾರು ಹನ್ನೊಂದು ತಿಂಗಳು ಉಗ್ರಾಣಗಳಲ್ಲಿ ಕುಳಿತ ಬಾಟಲಿಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆದವು.

ಈ ಕಥೆಯನ್ನು ಮೂರನೆಯ ಮಹಡಿಯ ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದರು. ಆಮೇಲೆ, ‘ಮುಳ್ಳ ಸುಳ್ಳ ಹೇಳತೈತಿ ಅನ್ನೂ ಮೊದಲ, ಅದನ್ನ ಸುಳ್ಳ ಹೇಳೂ ಹಂಗ ಇಟ್ಟವರು ಯಾರು ಅಂತ ಕೇಳ್ರಿ’ ಎಂದರು.

ನಮಗೆ ಆಗ ಇದರ ತಿರುಳು ಹೊಳೆಯಿತು. ಮಾಪಕವೊಂದು ತಿಂಗಳಿಗೆ ಮೂರು ಸಲ ಕೆಡುತ್ತಿದ್ದರೆ, ನಾಲ್ಕನೆಯ ಸಲ ಅದು ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ತೋಳ ಬಂತು ತೋಳ ಎಂದ ಹುಡುಗನ ಗತಿಯೇ ಅದಕ್ಕೂ. ಆ ಕಥೆಯ ಹುಡುಗ ಸುಳ್ಳುಗಾರ. ಇಲ್ಲಿ ಮಾಪಕವನ್ನು ಸುಳ್ಳುಗಾರನನ್ನಾಗಿ ಮಾಡುವವರು ನಾವು. ಯಂತ್ರವನ್ನು ಓಡುವಂತೆ ಇಡುವುದು ಯಂತ್ರಪಾಲಕನ ಕೆಲಸದ ಅರ್ಧ ಭಾಗ ಮಾತ್ರ. ಅದು ಹೇಳಿದ್ದನ್ನು ನಂಬಬಹುದಾದಂತೆ ಇಡುವುದು ಇನ್ನರ್ಧ.

ಒಂದು ರಾತ್ರಿಯ ಮಾತು

ಅವರದೇ ಅನುಭವವೊಂದನ್ನು ಹಿರಿಯರು ಹೇಳಿದರು. ಒಂದು ರಾತ್ರಿ ಪಾಳಿಯಲ್ಲಿ ಆಟೋಕ್ಲೇವಿನ ತಳದ ಉಷ್ಣಮಾಪಕ ಎರಡು ಡಿಗ್ರಿ ಕಡಿಮೆ ತೋರಿಸಿತು. ಮರುದಿನ ಬೆಳಿಗ್ಗೆ ಸರಕು ಹೊರಡಬೇಕಾಗಿತ್ತು. ಮೇಲಿನವರು ‘ಮಾಪಕ ಬದಲಾಯಿಸಿ ಮುಂದುವರಿಸಿ’ ಎಂದರು. ಇವರು ಒಪ್ಪಲಿಲ್ಲ. ಹಿಂದಿನ ವಾರವಷ್ಟೇ ಅದನ್ನು ಪ್ರಮಾಣದ ಮಾಪಕದ ಪಕ್ಕದಲ್ಲಿಟ್ಟು ತಾವೇ ತಾಳೆ ನೋಡಿ ಚೀಟಿ ಅಂಟಿಸಿದ್ದರು. ‘ನನ್ನ ರುಜು ಅದರ ಮ್ಯಾಲ ಐತಿ. ಅದು ಸುಳ್ಳಾದ್ರ ನಾನೂ ಸುಳ್ಳ’ ಎಂದು ಕುಳಿತುಬಿಟ್ಟರಂತೆ. ಯಂತ್ರ ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ, ತಣಿದ ನೀರನ್ನೂ ಗಾಳಿಯನ್ನೂ ಹೊರಬಿಡುವ ತಳದ ಕೊಳವೆಯ ಸ್ಟೀಮ್ ಟ್ರ್ಯಾಪಿನಲ್ಲಿ ಒಡೆದ ಗಾಜಿನ ಚೂರೂ ಲೇಬಲ್ಲಿನ ಕಾಗದದ ಮುದ್ದೆಯೂ ಸಿಕ್ಕಿಕೊಂಡಿದ್ದವು. ಆ ಸರಕೆಲ್ಲ ನಾಶವಾಯಿತು. ತಡವಾದದ್ದಕ್ಕೆ ಇವರಿಗೊಂದು ಮೆಮೊ ಸಿಕ್ಕಿತು. ಅದನ್ನು ಅವರು ಇನ್ನೂ ಇಟ್ಟುಕೊಂಡಿದ್ದಾರೆ. ‘ಬಹುಮಾನದ ಸರ್ಟಿಫಿಕೇಟ್ ಯಾವುದೂ ಬಂದಿಲ್ಲ, ಇದಾದ್ರೂ ಇರಲಿ’ ಎಂದು ನಕ್ಕರು.

ಈ ಕೆಲಸದ ದಿನಚರಿಯೂ ಕೇಳುವಂಥದೇ. ಚುಚ್ಚುಮದ್ದು ತುಂಬುವ ಕೋಣೆಗೆ ಬರುವ ಗಾಳಿ ಹೆಪಾ ಎಂಬ ಸೋಸುಕದ ಮೂಲಕ ಬರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗ ಮೈಕ್ರಾನ್, 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಅದು ತಡೆಯಬೇಕು. ಕೋಣೆಯೊಳಗಿನ ಒತ್ತಡ ಪಕ್ಕದ ಕೋಣೆಗಿಂತ 10ರಿಂದ 15 ಪಾಸ್ಕಲ್ ಹೆಚ್ಚಿರಬೇಕು. ಅದೆಷ್ಟು? ಸುಮಾರು ಒಂದು, ಒಂದೂವರೆ ಮಿಲಿಮೀಟರ್ ನೀರಿನ ಭಾರದಷ್ಟು. ಆದರೆ ಬಾಗಿಲು ತೆರೆದಾಗ ಕೊಳೆಗಾಳಿ ಒಳನುಗ್ಗದೆ ಶುದ್ಧ ಗಾಳಿ ಹೊರನುಗ್ಗುವುದು ಅಷ್ಟರಿಂದಲೇ. ಇನ್ನು ಚುಚ್ಚುಮದ್ದಿನ ನೀರು. ಅದನ್ನು ಸುಮಾರು 80 ಡಿಗ್ರಿ ಬಿಸಿಯಲ್ಲಿ ಕೊಳವೆಗಳಲ್ಲಿ ನಿಲ್ಲದಂತೆ ಸುತ್ತಿಸುತ್ತಲೇ ಇರುತ್ತಾರೆ. ಎಲ್ಲೋ ಒಂದು ಕವಲು ಮುಚ್ಚಿಕೊಂಡು ನೀರು ನಿಂತರೆ ಅಲ್ಲಿ ಸೂಕ್ಷ್ಮಜೀವಿಗಳು ಮನೆಕಟ್ಟುತ್ತವೆ. ಅಂಥ ಕವಲಿಗೆ ಇವರ ಭಾಷೆಯಲ್ಲಿ ‘ಡೆಡ್ ಲೆಗ್’ ಎಂದು ಹೆಸರು. ಮಾತ್ರೆ ಒತ್ತುವ ಯಂತ್ರದ ಅಚ್ಚು ಸವೆದರೆ ಮಾತ್ರೆಯಲ್ಲಿ ಲೋಹದ ಪುಡಿ. ಬೇರಿಂಗಿನ ಗ್ರೀಸು ತೊಟ್ಟಿಕ್ಕಿದರೆ ಔಷಧದಲ್ಲಿ ಎಣ್ಣೆ. ಬೇರೆ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ಸರಕು ನಿಲ್ಲುತ್ತದೆ. ಇಲ್ಲಿ ಯಂತ್ರ ಕೆಟ್ಟೂ ಸರಕು ನಿಲ್ಲದೆ ಹೊರಟುಬಿಡಬಹುದು. ಭಯವಿರುವುದು ಅಲ್ಲಿ.

ಆಯುಧಪೂಜೆಯ ದಿನ ಇವರ ವರ್ಕ್‌ಶಾಪಿನಲ್ಲಿ ಸ್ಪ್ಯಾನರುಗಳಿಗೆಲ್ಲ ಕುಂಕುಮ, ಚೆಂಡುಹೂವು. ಶುದ್ಧ ಕೋಣೆಯ ಯಂತ್ರಗಳಿಗೆ ಮಾತ್ರ ಹೂವೂ ಇಲ್ಲ, ಅರಿಶಿನವೂ ಇಲ್ಲ, ಒಳಗೆ ಒಯ್ಯುವಂತಿಲ್ಲ. ‘ಅವಕ್ಕ ಪೂಜಾ ಅಂದ್ರ ದಿನಾ ಒರಸೂದು’ ಎನ್ನುತ್ತಾರೆ ಹಿರಿಯರು.

ರುಜುವಿನ ಬೆಲೆ

ನಮ್ಮ ದೇಶದಲ್ಲಿಯೂ ಔಷಧ ತಯಾರಿಕೆಯ ಕ್ರಮವನ್ನು ಕಟ್ಟುನಿಟ್ಟಾಗಿಸಲು 1988ರಲ್ಲಿ ‘ಷೆಡ್ಯೂಲ್ ಎಂ’ ಎಂಬ ನಿಯಮಾವಳಿ ಬಂತು. 2023ರ ಕೊನೆಯಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಯಂತ್ರವನ್ನು ಯಾವಾಗ ತೊಳೆದರು, ಮಾಪಕವನ್ನು ಯಾವಾಗ ತಾಳೆ ನೋಡಿದರು, ಯಾರು ನೋಡಿದರು, ಎಲ್ಲಕ್ಕೂ ದಾಖಲೆ ಬೇಕು. ಒಳ್ಳೆಯದೇ. ಆದರೆ ದಾಖಲೆಯ ವಿಷಯ ಗುಮಾಸ್ತರಾದ ನಮಗೆ ಕೊಂಚ ಹೆಚ್ಚೇ ಗೊತ್ತು. ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕಚೇರಿಯ ಬೆಂಕಿ ನಂದಿಸುವ ಸಿಲಿಂಡರುಗಳ ತಪಾಸಣೆಯ ಹೊಣೆ ನಮಗೆ ಬಿದ್ದಿತ್ತು. ತಿಂಗಳಿಗೊಮ್ಮೆ ನೋಡಿ ಚೀಟಿಯಲ್ಲಿ ಚಿಕ್ಕ ರುಜು ಹಾಕಬೇಕು. ಇನ್‌ಸ್ಪೆಕ್ಷನ್ ಬರುತ್ತದೆಂದಾಗ ನಾವು ಆರು ತಿಂಗಳ ರುಜುಗಳನ್ನು ಒಂದೇ ಮಧ್ಯಾಹ್ನ, ಒಂದೇ ಪೆನ್ನಿನಿಂದ ಹಾಕಿದೆವು. ಬೆಂಕಿ ಬೀಳಲಿಲ್ಲ. ನಮ್ಮ ಅದೃಷ್ಟ, ಅಷ್ಟೆ.

ಎರಡು ವರ್ಷದ ಹಿಂದೆ ನಮ್ಮ ತಂದೆಯವರು ಆಸ್ಪತ್ರೆಯಲ್ಲಿದ್ದಾಗ ನಾಲ್ಕು ರಾತ್ರಿ ಅವರ ಮಂಚದ ಪಕ್ಕ ಕುಳಿತಿದ್ದೆವು. ಸಲೈನಿನ ಹನಿ ಒಂದೊಂದಾಗಿ ಇಳಿಯುತ್ತಿತ್ತು. ಡೆವನ್‌ಪೋರ್ಟಿನ ಸಂಗತಿ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ರಾತ್ರಿಗಳು ಮತ್ತೆ ನೆನಪಿಗೆ ಬಂದವು. ಆ ಬಾಟಲಿ ಬೆಂದ ದಿನ ಯಾವುದೋ ಊರಿನಲ್ಲಿ ಯಾರೋ ಒಬ್ಬ ತಳದ ಟ್ರ್ಯಾಪನ್ನು ಬಿಚ್ಚಿ ನೋಡಿ ರುಜು ಹಾಕಿದ್ದ. ನೋಡಿಯೇ ಹಾಕಿದ್ದ, ನಮ್ಮಂತೆ ಹಾಕಿರಲಿಲ್ಲ. ತಂದೆಯವರು ಗುಣವಾಗಿ ಮನೆಗೆ ಬಂದರು. ವೈದ್ಯರಿಗೆ ಹಣ್ಣು ಕೊಟ್ಟು ಕೈಮುಗಿದೆವು. ಆ ಇನ್ನೊಬ್ಬನಿಗೆ ಕೈಮುಗಿಯುವುದು ಹೇಗೆ?

ಅಣ್ಣನ ಮಗನಿಗೆ ಹೆಣ್ಣು ನೋಡುತ್ತಿದ್ದ ಹಿರಿಯರು ಈ ಮಾಸಪತ್ರಿಕೆಯನ್ನು ತಪ್ಪದೆ ಓದುವವರು. ಅವರಲ್ಲಿ ನಮ್ಮದೊಂದು ವಿನಂತಿ. ಇನ್ನು ಮುಂದೆ ಯಾರಾದರೂ ‘ರಿಪೇರಿ ಕೆಲಸವೋ?’ ಎಂದರೆ ‘ಹೌದು’ ಎಂದೇ ಹೇಳಲಿ. ಕೆಟ್ಟ ಮೇಲೆ ಮಾಡುವ ರಿಪೇರಿಯಲ್ಲ, ಕೆಡದಂತೆ ನೋಡಿಕೊಳ್ಳುವ ರಿಪೇರಿ ಎಂದೂ ಸೇರಿಸಲಿ. ಹುಡುಗ ಸಂಘಕ್ಕೆ ಬಂದಾಗ ಮೂರನೆಯ ಮಹಡಿಯ ಹಿರಿಯರನ್ನು ನಾವೇ ಕರೆತಂದು ಪರಿಚಯ ಮಾಡಿಸುತ್ತೇವೆ. ಅಂದಹಾಗೆ, ಕಚೇರಿಯ ಸಿಲಿಂಡರುಗಳನ್ನು ಈಗ ತಿಂಗಳಿಗೊಮ್ಮೆ ಎತ್ತಿ, ಮುಳ್ಳು ನೋಡಿಯೇ ರುಜು ಹಾಕುತ್ತಿದ್ದೇವೆ.